ರಕ್ತಕ್ಕೆ ಕೊಟ್ಟ ಗುಟ್ಟು ಮಾತಿಗೂ ಕೊಡಿ

ಹಿಂದೊಮ್ಮೆ ಊರಿಗೆ ಹೋಗಿದ್ದಾಗ ಚಿಕ್ಕಮ್ಮನ ಮನೆಗೆ ಆರೋಗ್ಯದ ಸರ್ವೆ ಮಾಡೋಕೆ ಒಬ್ಬ ಹುಡುಗಿ ಬಂದಿದ್ದಳು. ಮಕ್ಕಳೆಷ್ಟು, ಚುಚ್ಚುಮದ್ದು ಹಾಕಿಸಿದೀರಾ, ಶೌಚಾಲಯ ಇದೆಯಾ... ಇಲ್ಲೀತನಕ ಎಲ್ಲ ಸಲೀಸಾಗಿ ನಡೀತು. ಆಮೇಲೆ ಹುಡುಗಿಯ ದನಿ ತಗ್ಗಿತು. ಚಿಕ್ಕಮ್ಮನ ಸೊಸೆ ಸೆರಗು ಸರಿಮಾಡಿಕೊಂಡಳು. ಚಿಕ್ಕಮ್ಮ ಪಕ್ಕದಲ್ಲೇ ಅವರೆಕಾಯಿ ಸುಲೀತಾ ಕೂತಿದ್ದಾರೆ, ಏಳೋ ಲಕ್ಷಣವೇ ಇಲ್ಲ. "ಅವಳನ್ನೇನು ಕೇಳ್ತೀಯಮ್ಮಾ, ನನ್ನ ಕೇಳು" ಅಂತ ಬೇರೆ. ಹುಡುಗಿ ಒಂದು ಕ್ಷಣ ಸುಮ್ಮನಿದ್ದು, "ಇವಕ್ಕೆಲ್ಲಾ ಇಲ್ಲ ಅಂತ ಹಾಕ್ಕೊಳ್ಳಲಾ ಅಕ್ಕಾ?" ಅಂದಳು. ಸೊಸೆ ತಲೆಯಾಡಿಸಿದಳು. ಮುಗೀತು!

ಜಗಲಿ ಮೇಲೆ ಕೂತಿದ್ದ ನನಗೂ ಎಲ್ಲ ಕೇಳಿಸಿತು. ತಪ್ಪು ಅಲ್ಲೇ ಇದೆ ನೋಡಿ.

ಆ ಹುಡುಗಿಯನ್ನು ನಾನು ಬೈಯಲ್ಲ. ಸಂಜೆಯೊಳಗೆ ಇಷ್ಟು ಮನೆ ಮುಗಿಸಬೇಕು ಅಂತ ಅವಳ ತಲೆಮೇಲೆ ಒತ್ತಡ. ನನ್ನ ಜಗಳ ಇರೋದು ಈ ಪ್ರಶ್ನೆಪಟ್ಟಿ ತಯಾರು ಮಾಡೋರ ಜೊತೆ.

ಇಂಥ ಸರ್ವೆಯೇ ಬೇಡ, ನಮ್ಮ ಸಂಸ್ಕೃತಿಗೆ ಒಗ್ಗಲ್ಲ ಅನ್ನೋರಿಗೆ ಮೊದಲು ಒಂದು ಮಾತು. 2006ರಲ್ಲಿ ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಭಾರತದಲ್ಲಿ 57 ಲಕ್ಷ ಎಚ್ಐವಿ ಸೋಂಕಿತರಿದ್ದಾರೆ ಅಂತ ಅಂದಾಜು ಕೊಟ್ಟಿತ್ತು. ದಕ್ಷಿಣ ಆಫ್ರಿಕಾವನ್ನೇ ಮೀರಿಸಿದೆವು ಅಂತ ಎಲ್ಲೆಲ್ಲೂ ಸುದ್ದಿ. ಮರುವರ್ಷ, 2007ರ ಜುಲೈನಲ್ಲಿ, ಆ ಅಂದಾಜು ಸುಮಾರು 25 ಲಕ್ಷಕ್ಕೆ ಇಳೀತು. ರೋಗಿಗಳು ಎಲ್ಲಿ ಮಾಯವಾದರು? ಎಲ್ಲೂ ಇಲ್ಲ. ಹಳೆಯ ಲೆಕ್ಕ ಬಹುಪಾಲು ಸರಕಾರಿ ಆಸ್ಪತ್ರೆಗೆ ಬಂದ ಬಸುರಿಯರ ಮತ್ತು ಗುಪ್ತರೋಗದ ಕ್ಲಿನಿಕ್ಕಿಗೆ ಬಂದವರ ರಕ್ತದ ಮೇಲೆ ನಿಂತಿತ್ತು. 2005-06ರ ಮೂರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಸಲ ಮನೆಮನೆಗೆ ಹೋಗಿ ಒಂದು ಲಕ್ಷಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿದರು. 15ರಿಂದ 49 ವಯಸ್ಸಿನವರಲ್ಲಿ ಸೋಂಕು ಕಂಡದ್ದು ಶೇಕಡಾ 0.28. ನಮ್ಮ ಕರ್ನಾಟಕದಲ್ಲಿ 0.69. ಮನೆ ಬಾಗಿಲು ತಟ್ಟದೇ ಹೋಗಿದ್ದರೆ ಇನ್ನೂ ಎಷ್ಟು ವರ್ಷ ಆ ಹಳೆಯ ಲೆಕ್ಕ ನಂಬಿಕೊಂಡು ದುಡ್ಡು ಹಂಚುತ್ತಿದ್ದೆವೋ.

ಹಾಗಾಗಿ ಸರ್ವೆ ಬೇಕೇ ಬೇಕು. ಆದರೆ ಆಗ ರಕ್ತ ಯಾಕೆ ನಿಜ ಹೇಳಿತು ಅಂತ ಯೋಚಿಸಿದ್ದೀರಾ? ಒಂದು, ಅತ್ತೆ ಪಕ್ಕದಲ್ಲಿದ್ದರೆ ರಕ್ತ ಸುಳ್ಳು ಹೇಳಲ್ಲ. ಎರಡು, ಬೆರಳಿಂದ ಕಾಗದದ ಮೇಲೆ ಬಿದ್ದ ಆ ಹನಿಗಳ ಮೇಲೆ ಹೆಸರಿರಲಿಲ್ಲ, ಬರೀ ಬಾರ್‌ಕೋಡ್. ಫಲಿತಾಂಶ ಯಾರದ್ದು ಅಂತ ಯಾರೂ ಪತ್ತೆ ಮಾಡಲಾಗದಂತೆ ಎಚ್ಚರ ವಹಿಸಿದ್ದರು. ರಕ್ತಕ್ಕೆ ಇಷ್ಟೆಲ್ಲ ಗುಟ್ಟು ಕೊಟ್ಟವರು ಮಾತಿಗೆ ಏನು ಕೊಟ್ಟರು? "ಸಾಧ್ಯವಾದಷ್ಟು ಏಕಾಂತ ಕಲ್ಪಿಸಿ" ಅಂತ ಒಂದು ಸೂಚನೆ. ಅಷ್ಟೇ.

ಅದೇ ಸಮೀಕ್ಷೆಯಲ್ಲಿ ಗಂಡನ ಹೊಡೆತದ ಬಗ್ಗೆ ಕೇಳುವ ಭಾಗ ನೋಡಿ. ಒಂದು ಮನೆಯಲ್ಲಿ ಒಬ್ಬ ಹೆಂಗಸನ್ನು ಮಾತ್ರ ಕೇಳಬೇಕು, ಏಕಾಂತ ಸಿಗದಿದ್ದರೆ ಆ ಭಾಗವನ್ನೇ ಬಿಡಬೇಕು ಅನ್ನೋ ಕಟ್ಟುನಿಟ್ಟಿನ ನಿಯಮ ಇದೆ. ಬಹಳ ಒಳ್ಳೇದು. ಹೊಡೆತದ ಪ್ರಶ್ನೆಗೆ ಬಾಗಿಲು ಮುಚ್ಚೋದು ಗೊತ್ತಿದ್ದವರಿಗೆ ಹಾಸಿಗೆಯ ಪ್ರಶ್ನೆಗೆ ಮುಚ್ಚೋದು ಹೊಳೀಲಿಲ್ಲವಾ?

ಇಲ್ಲಿ ಪಂಡಿತರು ಒಂದು ಮಾತು ತರ್ತಾರೆ. ಲಕ್ಷಾಂತರ ಜನರನ್ನು ಕೇಳ್ತೀವಿ, ಒಬ್ಬಿಬ್ಬರ ಸುಳ್ಳು ಅದರಲ್ಲಿ ಕರಗಿಹೋಗುತ್ತೆ ಅಂತ. ಅರ್ಧ ಜನ ಹೆಚ್ಚು, ಅರ್ಧ ಜನ ಕಮ್ಮಿ ಹೇಳಿದ್ರೆ ಕರಗುತ್ತೆ ಸ್ವಾಮೀ. ಎಲ್ಲ ಸೊಸೆಯರೂ ಒಂದೇ ಕಡೆಗೆ ತಲೆಯಾಡಿಸಿದ್ರೆ? ತಕ್ಕಡಿಯೇ ವಾಲಿದ್ದರೆ ಹತ್ತು ಮೂಟೆ ತೂಗಿದರೂ ತೂಕ ತಪ್ಪೇ.

ಬೇರೆ ದಾರಿ ಇಲ್ಲವಾ? ಇದೆ. ಬ್ರಿಟನ್ನಿನಲ್ಲಿ ಇಂಥದ್ದೇ ರಾಷ್ಟ್ರೀಯ ಸರ್ವೆಗೆ 1989ರಲ್ಲಿ ಥ್ಯಾಚರ್ ಸರಕಾರ ದುಡ್ಡು ಕೊಡಲ್ಲ ಅಂತು. ವೆಲ್ಕಮ್ ಟ್ರಸ್ಟ್ ಕೊಟ್ಟಿತು. 1990-91ರಲ್ಲಿ ಸುಮಾರು 19 ಸಾವಿರ ಜನರನ್ನು ಮಾತಾಡಿಸಿದರು. ಸೂಕ್ಷ್ಮ ಪ್ರಶ್ನೆಗಳನ್ನು ಬಾಯಲ್ಲಿ ಕೇಳಲಿಲ್ಲ. ಪುಸ್ತಿಕೆ ಕೈಗೆ ಕೊಟ್ಟರು, ಜನರೇ ತುಂಬಿದರು. ಮುಂದಿನ ಸುತ್ತಿನಲ್ಲಿ ಪುಸ್ತಿಕೆ ಹೋಗಿ ಕಂಪ್ಯೂಟರ್ ಬಂತು, ಅದರಲ್ಲೂ ಉತ್ತರ ಒತ್ತಿದ್ದು ಜನರೇ. ನಮ್ಮಲ್ಲೂ 2015-16ರ ಸಮೀಕ್ಷೆಗೆ ಕಂಪ್ಯೂಟರ್ ಬಂತು. ಆದರೆ ಅದು ಇದ್ದದ್ದು ಕೇಳುವವರ ಕೈಯಲ್ಲಿ!

ಓದು ಬಾರದವರು ಏನು ಮಾಡಬೇಕು ಅಂತೀರಾ? ಕಿವಿಗೆ ಇಯರ್‌ಫೋನ್ ಕೊಡಿ. ಧ್ವನಿಮುದ್ರಿತ ಪ್ರಶ್ನೆ ಕೇಳಲಿ, ಹೌದು ಅಂದರೆ ಹಸಿರು, ಇಲ್ಲ ಅಂದರೆ ಕೆಂಪು ಒತ್ತಲಿ. ಅತ್ತೆ ಪಕ್ಕದಲ್ಲೇ ಕೂತು ಅವರೆಕಾಯಿ ಸುಲೀಲಿ, ಏನೂ ಕೇಳಿಸಲ್ಲ. ಆ ಪ್ರಶ್ನೆಯೂ ಗ್ರಾಂಥಿಕ ಕನ್ನಡದಲ್ಲಿ ಬೇಡ. "ಲೈಂಗಿಕ ಸಂಪರ್ಕ" ಅನ್ನೋ ಪದವನ್ನು ನಮ್ಮೂರಲ್ಲಿ ಯಾರೂ ಬಾಯಲ್ಲಿ ಆಡಿದ್ದು ನಾನು ಕೇಳಿಲ್ಲ. ಬೀದರಿನ ಹೆಂಗಸಿಗೂ ಚಾಮರಾಜನಗರದ ಹೆಂಗಸಿಗೂ ಅವರವರ ಮಾತಿನಲ್ಲೇ ಕೇಳಿ.

ಏಕಾಂತ ಸಿಗದಿದ್ದರೆ "ಇಲ್ಲ" ಅಂತ ಬರೀಬೇಡಿ, "ಕೇಳಲಾಗಲಿಲ್ಲ" ಅಂತ ಬರೀರಿ. ಇವೆರಡಕ್ಕೂ ಭೂಮಿ ಆಕಾಶದ ವ್ಯತ್ಯಾಸ ಇದೆ. ಹಾಗೇ ಲಾರಿ ಡ್ರೈವರು, ಹಾಸ್ಟೆಲ್ ಹುಡುಗ, ಕಟ್ಟಡದ ಕೆಲಸಕ್ಕೆ ವಲಸೆ ಹೋದವನು ಬಾಗಿಲು ತಟ್ಟಿದಾಗ ಮನೆಯಲ್ಲಿ ಸಿಗಲ್ಲ. ಅವರನ್ನು ಹುಡುಕೋಕೆ ಬೇರೆ ದಾರಿ ಮೊದಲೇ ಇಟ್ಟುಕೊಳ್ಳಿ.

ದುಡ್ಡು ಜಾಸ್ತಿ ಆಗುತ್ತೆ ಅಂತ ಗೊಣಗಬೇಡಿ. 2005-06ರಲ್ಲಿ ಎಚ್ಐವಿ ಬಗ್ಗೆ ಸರಿಯಾದ ತಿಳಿವಳಿಕೆ ಇದ್ದ ಹೆಂಗಸರು ಶೇಕಡಾ 17, ಗಂಡಸರು 33. 2019-21ರಲ್ಲಿ ಹೆಂಗಸರು 22, ಗಂಡಸರು 31. ಹದಿನೈದು ವರ್ಷದಲ್ಲಿ ನಾವು ಮುಂದೆ ಹೋಗಿದ್ದು ಇಷ್ಟೇ. ತಿಳಿವಳಿಕೆಯ ಪ್ರಶ್ನೆಗೆ ಸುಳ್ಳು ಹೇಳೋ ಅಗತ್ಯ ಯಾರಿಗೂ ಇಲ್ಲ, ಅಲ್ಲೇ ಪರಿಸ್ಥಿತಿ ಹೀಗಿದೆ. ನಡತೆಯ ಪ್ರಶ್ನೆಗಳ ಹಿಂದೆ ಏನೇನು ಅಡಗಿದೆಯೋ!

ಚಿಕ್ಕಮ್ಮನ ಮಗ ತಿಂಗಳಿಗೆ ಇಪ್ಪತ್ತು ದಿನ ಹೊರಗಡೆ ದುಡಿಯೋನು. ಆ ಸೊಸೆಗೆ ಏನಾದರೂ ಕೇಳೋದಿತ್ತೋ, ಹೇಳೋದಿತ್ತೋ... ಅವಳ ಹೆಸರಿನ ಮುಂದೆ "ಇಲ್ಲ" ಅಂತಿದೆ. ಆ "ಇಲ್ಲ" ದೆಹಲಿಗೆ ಹೋಗಿ ಶೇಕಡಾವಾರು ಆಗುತ್ತೆ, ಅದನ್ನೇ ನೋಡಿ ಯಾವ ಜಿಲ್ಲೆಗೆ ಏನು ಬೇಕು ಅಂತ ನಿರ್ಧಾರ ಮಾಡ್ತಾರೆ.

ಮುಂದಿನ ಸಲ ಬರೋರು ಅವಳ ಕಿವಿಗೊಂದು ಇಯರ್‌ಫೋನ್ ತರಲಿ. ನೀವೇನಂತೀರಿ?