ರಾಜಧಾನಿಯಲ್ಲಿ ಸೀಟುಂಟು, ನೆಲೆಯಿಲ್ಲ

ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಕೊಳ್ಳೇಗಾಲಕ್ಕೆ ಹಿಂತಿರುಗಿದ ಮೇಲೆ, ಪ್ರತಿ ವರ್ಷ ಮೇ ತಿಂಗಳಿಂದ ಮಳೆಗಾಲ ಹಿಡಿಯುವವರೆಗೆ ನನಗೊಂದು ಹೊಸ ಕೆಲಸ ಅಂಟಿಕೊಂಡಿದೆ. ಬೆಳಗಿನ ಹೊತ್ತು ಮನೆಯ ಜಗಲಿಗೆ ತಂದೆ-ತಾಯಂದಿರು ಮಕ್ಕಳೊಡನೆ ಬರುತ್ತಾರೆ. ಕೆಲವರು ಹನೂರು, ರಾಮಾಪುರ, ಕೌದಳ್ಳಿ ಕಡೆಯವರು. ಕೆಲವರು ಯಳಂದೂರು, ಅಗರ, ಮಾಂಬಳ್ಳಿಯವರು. ಕೈಯಲ್ಲಿ ಪಿಯುಸಿ ಅಂಕಪಟ್ಟಿ, ಸಿಇಟಿ ರ‍್ಯಾಂಕಿನ ಪ್ರತಿ, ನಾಡಕಚೇರಿಯಿಂದ ತಂದ ಜಾತಿ-ಆದಾಯ ಪ್ರಮಾಣಪತ್ರಗಳ ಪ್ಲಾಸ್ಟಿಕ್ ಚೀಲ. ಎಲ್ಲರದೂ ಒಂದೇ ಪ್ರಶ್ನೆ: ‘ಸ್ವಾಮಿ, ಈ ರ‍್ಯಾಂಕಿಗೆ ಬೆಂಗಳೂರಲ್ಲಿ ಸೀಟು ಸಿಕ್ತದಾ?’

ಕಳೆದ ವರ್ಷ ಹನೂರು ತಾಲ್ಲೂಕಿನ ಒಂದು ಹಳ್ಳಿಯ ಹುಡುಗಿ ಇದೇ ಪ್ರಶ್ನೆ ಹೊತ್ತು ಬಂದಿದ್ದಳು. ತಂದೆಗೆ ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಸಿಕ್ಕಬಹುದು ಎಂದೆ, ಸಿಕ್ಕಿತು. ಬೆಂಗಳೂರಿನ ಒಳ್ಳೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಸರ್ಕಾರಿ ಶುಲ್ಕದ ಸೀಟು. ಮೂರು ವಾರಗಳ ನಂತರ ತಂದೆಯೊಬ್ಬರೇ ಬಂದರು. ಕಾಲೇಜಿನ ಹಾಸ್ಟೆಲಿನ ವಾರ್ಷಿಕ ಶುಲ್ಕ ಕಾಲೇಜಿನ ಶುಲ್ಕಕ್ಕಿಂತ ಹೆಚ್ಚು. ಹೊರಗಿನ ಪಿ.ಜಿ.ಗೆ ತಿಂಗಳಿಗೆ ಒಂಬತ್ತು ಸಾವಿರ ಕೇಳಿದರಂತೆ, ಜತೆಗೆ ಮುಂಗಡ. ಸರ್ಕಾರಿ ಹಾಸ್ಟೆಲಿನ ಪಟ್ಟಿ ಇನ್ನೂ ಬಂದಿರಲಿಲ್ಲ. ಬರುವುದು ಯಾವಾಗ ಎಂದು ಹೇಳುವವರೂ ಇರಲಿಲ್ಲ. ಹುಡುಗಿ ಸೀಟು ಬಿಟ್ಟು ಊರಿಗೆ ಸಮೀಪದ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದಳು. ನಾನು ಆಕೆಯ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿದ್ದೆ. ಆದರೆ ಪ್ರಶ್ನೆಯೇ ಅಪೂರ್ಣವಾಗಿತ್ತು ಎಂಬುದು ನನಗೂ ಹೊಳೆದಿರಲಿಲ್ಲ.

ನಮ್ಮ ಭಾಗಕ್ಕೂ ರಾಜಧಾನಿಗೂ ನಡುವಣ ಅಂತರವನ್ನು ಕಿಲೋಮೀಟರಿನಲ್ಲಿ ಅಳೆದರೆ ಅದು ಹೆಚ್ಚೇನಲ್ಲ. ಮಳವಳ್ಳಿ, ಕನಕಪುರದ ಮೇಲೆ ಹೋದರೆ ಕೊಳ್ಳೇಗಾಲದಿಂದ ಬೆಂಗಳೂರು ಸುಮಾರು 140 ಕಿ.ಮೀ. ಆದರೆ ಈ ಸಂಬಂಧ ತೀರ ಹಳೆಯದೂ ಅಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಸೀಮೆ, ಮೈಸೂರು ಸಂಸ್ಥಾನದೊಳಗಿತ್ತು. ಒಂದು ಗಂಟೆಯ ಎತ್ತಿನ ಗಾಡಿಯ ದಾರಿಯಲ್ಲಿ ಗಡಿ ದಾಟುತ್ತಿದ್ದ ಕಾಲವದು. ಕೊಳ್ಳೇಗಾಲದ ಉಳ್ಳವರ ಹುಡುಗರಿಗೆ ಪದವಿ ಎಂದರೆ ಕೊಯಮತ್ತೂರು, ಮದ್ರಾಸು, ಯಳಂದೂರಿನವರಿಗೆ ಮೈಸೂರು. ಉಳಿದವರಿಗೆ ಪದವಿಯೇ ಇರಲಿಲ್ಲ. ನನ್ನ ಪೀಳಿಗೆಯಲ್ಲೂ ಬಹುತೇಕರು ಮೈಸೂರಿನಾಚೆಗೆ ಯೋಚಿಸಲಿಲ್ಲ. ನಾನು ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಓದಿದ್ದು ಅಲ್ಲಿ ಸೋದರಮಾವನ ಮನೆಯಿತ್ತು ಎಂಬ ಏಕೈಕ ಕಾರಣಕ್ಕೆ. ಇಂದು ನೇರವಾಗಿ ಬೆಂಗಳೂರಿನತ್ತ ನೋಡುತ್ತಿರುವವರು ಕುಟುಂಬದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತುವವರು. ಅವರಿಗೆ ಆ ಊರಿನಲ್ಲಿ ಸೋದರಮಾವನ ಮನೆಯಿಲ್ಲ.

ಬೆಂಗಳೂರಿನ ಹಂಬಲವನ್ನು ಹಗುರವಾಗಿ ಕಾಣುವವರ ಪೈಕಿ ನಾನಲ್ಲ. ಉದ್ಯೋಗಗಳು ಎಲ್ಲಿ ಒಟ್ಟುಗೂಡಿವೆಯೋ ಅಲ್ಲಿನ ಕಾಲೇಜಿಗೆ ಬೆಲೆ ಹೆಚ್ಚು. ಕಂಪೆನಿಗಳು ಕ್ಯಾಂಪಸ್ಸಿಗೆ ಬರುತ್ತವೆಯೋ ಇಲ್ಲವೋ ಎಂದು ಲೆಕ್ಕ ಹಾಕುವ ಹಿಪ್ಪುನೇರಳೆ ಬೆಳೆಗಾರ ಯಾವ ಅರ್ಥಶಾಸ್ತ್ರಜ್ಞನಿಗೂ ಕಡಿಮೆಯಲ್ಲ. ಅವನ ಲೆಕ್ಕ ತಪ್ಪುವುದು ಬುದ್ಧಿಯ ಕೊರತೆಯಿಂದಲ್ಲ, ಮಾಹಿತಿಯ ಕೊರತೆಯಿಂದ. ಬೆಂಗಳೂರಿನ ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಬೆಳೆದ ಹುಡುಗನಿಗೆ ಅಕ್ಕನೋ ನೆರೆಮನೆಯವರೋ ಹೇಳಿಕೊಡುವ ಸಂಗತಿಗಳು ನಮ್ಮ ಮಕ್ಕಳಿಗೆ ಸೈಬರ್ ಸೆಂಟರಿನವನ ಬಾಯಿಂದ ಅರೆಬರೆಯಾಗಿ ತಲುಪುತ್ತವೆ.

ಆಪ್ಷನ್ ಎಂಟ್ರಿಯನ್ನೇ ನೋಡಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸೀಟುಗಳನ್ನು ರ‍್ಯಾಂಕಿನ ಕ್ರಮದಲ್ಲಿ ಹಂಚುತ್ತದೆ. ಇಂಜಿನಿಯರಿಂಗಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿ ಈ ರ‍್ಯಾಂಕು ನಿರ್ಧಾರವಾಗುತ್ತದೆ. ಅಭ್ಯರ್ಥಿ ತನ್ನ ಆಯ್ಕೆಗಳನ್ನು ಆದ್ಯತೆಯ ಸಾಲಿನಲ್ಲಿ ನಮೂದಿಸಬೇಕು. ‘ಸಿಗದ ಕಾಲೇಜನ್ನು ಮೊದಲು ಹಾಕಿದರೆ ಸಿಗುವುದೂ ಹೋಗುತ್ತದೆ’ ಎಂಬ ಭಯ ನಮ್ಮಲ್ಲಿ ವ್ಯಾಪಕವಾಗಿದೆ. ಇದು ತಪ್ಪು. ರ‍್ಯಾಂಕಿನ ಕ್ರಮದಲ್ಲಿ ಹಂಚುವ ವ್ಯವಸ್ಥೆಯಲ್ಲಿ ಮೇಲಿನ ಆಯ್ಕೆ ಕೈತಪ್ಪಿದ ಮಾತ್ರಕ್ಕೆ ಕೆಳಗಿನ ಆಯ್ಕೆಯ ಅವಕಾಶ ಕುಗ್ಗುವುದಿಲ್ಲ. ಕಾಲೇಜು ಪ್ರವೇಶದ ಸಮಸ್ಯೆಯನ್ನೇ ಶೀರ್ಷಿಕೆಯಲ್ಲಿಟ್ಟುಕೊಂಡು ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಒಂದು ಪ್ರಬಂಧ ಬರೆದರು. ಅಲ್ಲಿಂದ ಬೆಳೆದ ಅಧ್ಯಯನ ಶಾಖೆಗಾಗಿ 2012ರಲ್ಲಿ ಶಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಬಂದಿತು. ಆ ಶಾಖೆಯ ಸರಳ ತಿರುಳನ್ನು ನಮ್ಮ ಮಕ್ಕಳಿಗೆ ಎರಡು ಮಾತಿನಲ್ಲಿ ಹೇಳಬಹುದು: ನಿಜವಾಗಿ ಬೇಕಾದುದನ್ನು ಬೇಕಾದ ಕ್ರಮದಲ್ಲೇ ಬರೆಯಿರಿ, ಸಿಕ್ಕರೂ ಸೇರಲಾಗದ ಕಾಲೇಜನ್ನು ಬರೆಯಲೇಬೇಡಿ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಬೆಂಗಳೂರಿನ ಹತ್ತು ಹೆಸರಾಂತ ಕಾಲೇಜುಗಳನ್ನಷ್ಟೇ ನಮೂದಿಸಿ, ಒಂದೂ ಸಿಗದೆ, ಕೊನೆಗೆ ಸಾಲ ಮಾಡಿ ಆಡಳಿತ ಮಂಡಳಿಯ ಸೀಟಿಗೆ ಹೋದವರನ್ನು ಕಂಡಿದ್ದೇನೆ. ಅಣಕು ಸೀಟು ಹಂಚಿಕೆಯ ಫಲಿತಾಂಶ ನೋಡಿ ಪಟ್ಟಿಯನ್ನು ತಿದ್ದಿಕೊಳ್ಳಬಹುದೆಂಬುದು, ಸಿಕ್ಕ ಸೀಟನ್ನು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಕಾಯಲು ಎರಡನೇ ಛಾಯ್ಸ್ ಇದೆಯೆಂಬುದು ಅವರಿಗೆ ತಿಳಿದಿರಲಿಲ್ಲ. ಬೆಂಗಳೂರಿನಲ್ಲಿ 1917ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಾಲೇಜು ಯುವಿಸಿಇ ಇದೆ, ಮೈಸೂರಿನಲ್ಲಿ 1946ರ ಎನ್ಐಇ ಇದೆ, ನಮ್ಮ ಜಿಲ್ಲಾ ಕೇಂದ್ರದಲ್ಲೇ 2007ರಿಂದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಇವನ್ನೆಲ್ಲ ಒಂದೇ ಪಟ್ಟಿಯಲ್ಲಿಟ್ಟು ತೂಗಿ ನೋಡುವ ಅಭ್ಯಾಸವೇ ನಮ್ಮಲ್ಲಿ ಬೆಳೆದಿಲ್ಲ.

ಸಾಮಾನ್ಯ ಪದವಿಯ ವಿಷಯ ಬೇರೆ. ಬೆಂಗಳೂರಿನ ಬೇಡಿಕೆಯ ಸ್ವಾಯತ್ತ ಕಾಲೇಜುಗಳು, ಖಾಸಗಿ ವಿಶ್ವವಿದ್ಯಾಲಯಗಳು ಹಲವು ಪಿಯುಸಿ ಫಲಿತಾಂಶಕ್ಕೆ ಮೊದಲೇ ಅರ್ಜಿ ಕರೆದು, ಪರೀಕ್ಷೆ, ಸಂದರ್ಶನ ಮುಗಿಸುತ್ತವೆ. ನಮ್ಮವರು ಅಂಕಪಟ್ಟಿ ಹಿಡಿದು ಹೊರಡುವ ವೇಳೆಗೆ ಅಲ್ಲಿ ಬಾಗಿಲು ಮುಚ್ಚಿರುತ್ತದೆ. ತೆರೆದಿರುವುದು ಯಾವುದೋ ಮಳಿಗೆಯ ಮೇಲಿನ ಎರಡು ಮಹಡಿಯ ಕಾಲೇಜು. ಅಂಥ ಕಡೆ ಬಿ.ಕಾಂ. ಓದಲು ಬೆಂಗಳೂರಿನ ಬಾಡಿಗೆ ತೆರುವುದಕ್ಕಿಂತ ಕೊಳ್ಳೇಗಾಲದ ಶ್ರೀ ಮಹದೇಶ್ವರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದಿ, ಉಳಿದ ಹಣವನ್ನು ಸ್ನಾತಕೋತ್ತರ ಪದವಿಗೆ ಇಟ್ಟುಕೊಳ್ಳುವುದು ಮೇಲೆಂದು ನಾನು ಮುಲಾಜಿಲ್ಲದೆ ಹೇಳುತ್ತೇನೆ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನ ಖರ್ಚಿನ ಚಿಂತೆ ತಪ್ಪಿ ಈ ಆಯ್ಕೆ ಇನ್ನಷ್ಟು ಹಗುರವಾಗಿದೆ. ಇನ್ನೊಂದೆಡೆ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮಾದರಿಯಲ್ಲಿ 2017ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ನಮ್ಮದೇ ರಾಜ್ಯ ಸರ್ಕಾರದ ಸಂಸ್ಥೆ. ನನ್ನ ಜಗಲಿಗೆ ಬಂದ ಕಲಾ ವಿಭಾಗದ ಮಕ್ಕಳಲ್ಲಿ ಅದರ ಹೆಸರು ಕೇಳಿದ್ದವರು ಒಬ್ಬರೂ ಇರಲಿಲ್ಲ. ಆದ್ದರಿಂದ ಮೊದಲು ಕೋರ್ಸು, ಆಮೇಲೆ ಕಾಲೇಜು, ಕೊನೆಗೆ ಊರು. ಆಯ್ಕೆಯ ಕ್ರಮ ಹೀಗಿರಬೇಕು. ನಮ್ಮಲ್ಲಿ ಅದು ತಲೆಕೆಳಗಾಗಿದೆ.

ಇಷ್ಟು ತಂದೆ-ತಾಯಂದಿರಿಗೆ ಹೇಳಬೇಕಾದ ಮಾತು. ಸರ್ಕಾರಕ್ಕೆ ಹೇಳಬೇಕಾದುದು ಇದಕ್ಕಿಂತ ದೊಡ್ಡದು.

ಮೊದಲನೆಯದು ಗ್ರಾಮೀಣ ಮೀಸಲಾತಿ. ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರಷ್ಟು ಸೀಟುಗಳಿವೆ. ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದ್ದರೆ ಮಾತ್ರ ಗ್ರಾಮೀಣ ಅಭ್ಯರ್ಥಿ. ಪೌರಾಡಳಿತ ಕಾಯ್ದೆಗಳ ವ್ಯಾಪ್ತಿಗೆ ಬಂದ ಊರು, ಅದು ಪಟ್ಟಣ ಪಂಚಾಯಿತಿಯೇ ಆಗಿದ್ದರೂ, ಗ್ರಾಮೀಣವಲ್ಲ. ಹನೂರು, ಯಳಂದೂರು ಎರಡೂ ಪಟ್ಟಣ ಪಂಚಾಯಿತಿಗಳು. ಕಾಡಂಚಿನ ಪೋಡಿನಿಂದಲೋ ದೊಡ್ಡಿಯಿಂದಲೋ ಬಂದ ಮಗು, ಪ್ರೌಢಶಾಲೆ ಹತ್ತಿರದಲ್ಲಿಲ್ಲವೆಂದು ಎಂಟನೇ ತರಗತಿಗೆ ಹನೂರಿನ ಶಾಲೆ ಸೇರಿದರೆ, ಆ ಮೂರು ವರ್ಷಗಳು ಮೊದಲ ಏಳು ವರ್ಷಗಳ ಗ್ರಾಮೀಣತ್ವವನ್ನು ಅಳಿಸಿಬಿಡುತ್ತವೆ. ಅದೇ ಬೆಂಗಳೂರಿನ ಹೊರವಲಯದಲ್ಲಿ, ಗ್ರಾಮ ಪಂಚಾಯಿತಿ ಎಲ್ಲೆಯೊಳಗಿನ ಆಂಗ್ಲ ಮಾಧ್ಯಮ ಶಾಲೆಯಲ್ಲಿ ಹತ್ತು ವರ್ಷ ಓದಿದ ಮಗು, ಆದಾಯ ಮಿತಿಯೊಳಗಿದ್ದರೆ, ಗ್ರಾಮೀಣ ಅಭ್ಯರ್ಥಿ. ನಿಯಮ ರೂಪಿಸಿದವರ ಉದ್ದೇಶ ಇದಾಗಿರಲಾರದು. ನಾನೂ ಕಡತ ನೋಡಿದವನು. ಭೂಪಟದಲ್ಲಿ ಎಳೆದ ಗೆರೆಯನ್ನು ಬದುಕಿನ ಗೆರೆಯೆಂದು ನಂಬುವುದು ನಮ್ಮ ಕಚೇರಿಗಳ ಹಳೆಯ ದೌರ್ಬಲ್ಯ. ಮಗುವಿನ ವಾಸಸ್ಥಳ ಗ್ರಾಮ ಪಂಚಾಯಿತಿಯಲ್ಲಿದ್ದು, ಅಲ್ಲಿ ಪ್ರೌಢಶಾಲೆ ಇಲ್ಲದಿದ್ದರೆ, ಪಟ್ಟಣ ಪಂಚಾಯಿತಿಯ ಶಾಲೆಯಲ್ಲಿ ಕಳೆದ ವರ್ಷಗಳನ್ನೂ ಗ್ರಾಮೀಣವೆಂದೇ ಎಣಿಸಬೇಕು.

ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371 (ಜೆ) ವಿಧಿಯ ಆಸರೆ ದೊರೆತದ್ದು ನ್ಯಾಯವೇ. ದಕ್ಷಿಣದ ಈ ಗುಡ್ಡಗಾಡಿನ ತಾಲ್ಲೂಕುಗಳಿಗೆ ಅಂಥ ಪ್ರಾದೇಶಿಕ ಮೀಸಲಾತಿಯಿಲ್ಲ. ಇರುವ ಒಂದು ಗ್ರಾಮೀಣ ಕೋಟಾವೂ ವ್ಯಾಖ್ಯೆಯ ಸಂದಿಯಲ್ಲಿ ಸೋರಿಹೋಗಬಾರದು.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಹಾಸ್ಟೆಲು. ಸೀಟು ಹಂಚುವುದು ಒಂದು ಸಂಸ್ಥೆ. ಹಾಸ್ಟೆಲ್ ಹಂಚುವುದು ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮುಂತಾದ ಬೇರೆ ಬೇರೆ ಇಲಾಖೆಗಳು. ಕಾಲೇಜಿಗೆ ಸೇರಿದ ದಾಖಲೆಯಿಲ್ಲದೆ ಹಾಸ್ಟೆಲಿಗೆ ಅರ್ಜಿಯಿಲ್ಲ. ಹಾಸ್ಟೆಲಿನ ಭರವಸೆಯಿಲ್ಲದೆ ಬಡವನ ಮಗಳು ಕಾಲೇಜಿಗೆ ಸೇರುವಂತಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ‘ವಿದ್ಯಾಸಿರಿ’ ಯೋಜನೆಯಡಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವಿನ ವ್ಯವಸ್ಥೆ ಬಂದದ್ದು 2013ರ ಹೊತ್ತಿಗೆ. ಕೊಳ್ಳೇಗಾಲದಲ್ಲಿ ಆ ಹಣಕ್ಕೆ ಬೆಲೆಯುಂಟು, ಬೆಂಗಳೂರಿನಲ್ಲಿ ಅದು ಒಂದು ವಾರದ ವಸತಿಗೂ ಸಾಲದು. ಅಭ್ಯರ್ಥಿಯ ಜಾತಿ, ಆದಾಯ, ಓದಿದ ಶಾಲೆ, ಊರು ಎಲ್ಲವೂ ಸಿಇಟಿ ಅರ್ಜಿಯಲ್ಲೇ ಸರ್ಕಾರದ ಕೈಯಲ್ಲಿವೆ. ಹಾಗಿದ್ದ ಮೇಲೆ ಸೀಟು ಹಂಚಿಕೆಯ ಆದೇಶದಲ್ಲೇ ‘ನಿಮಗೆ ಇಂಥ ಹಾಸ್ಟೆಲಿನಲ್ಲಿ ಸ್ಥಳವಿದೆ’ ಎಂಬ ಇನ್ನೊಂದು ಸಾಲು ಸೇರಿಸಲು ಅಡ್ಡಿಯೇನು? ಇಲಾಖೆಗಳ ನಡುವಣ ಪತ್ರವ್ಯವಹಾರವನ್ನು ವಿದ್ಯಾರ್ಥಿಯ ತಂದೆ ಬಸ್ಸಿನಲ್ಲಿ ಹೊತ್ತು ತಿರುಗುವುದು ಈ ಕಾಲದಲ್ಲಿ ನಾಚಿಕೆಯ ಸಂಗತಿ.

ಮೂರನೆಯದು ಸಣ್ಣ ಕೆಲಸ. ಆಪ್ಷನ್ ಎಂಟ್ರಿಯ ವಾರಗಳಲ್ಲಿ ಪ್ರತಿ ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ, ಹಿಂದಿನ ವರ್ಷದ ಕಡೆಯ ರ‍್ಯಾಂಕುಗಳ ಪಟ್ಟಿ ಬಲ್ಲ ಇಬ್ಬರು ಅಧ್ಯಾಪಕರನ್ನು ಕೂರಿಸಿದರೆ ಸಾಕು. ಮಾರ್ಟಳ್ಳಿಯ ಹುಡುಗ ಒಂದು ಅನುಮಾನ ಪರಿಹಾರಕ್ಕೆ ಬೆಂಗಳೂರಿನವರೆಗೆ ಹೋಗುವುದು ತಪ್ಪುತ್ತದೆ. ಡಿಸೆಂಬರಿನಲ್ಲೇ ಪಿಯು ಕಾಲೇಜುಗಳಿಗೆ ಹೋಗಿ ಅರ್ಜಿಗಳ ದಿನಾಂಕ ತಿಳಿಸುವ ಹೊಣೆಯನ್ನೂ ಇವರಿಗೇ ವಹಿಸಬಹುದು.

ಇದೆಲ್ಲ ಆದರೂ ಎಲ್ಲರೂ ಬೆಂಗಳೂರಿಗೆ ಹೋಗಲಾಗದು, ಹೋಗಬೇಕಾಗಿಯೂ ಇಲ್ಲ. ಮಕ್ಕಳು ಊರಿನಲ್ಲೇ ಉಳಿಯಲಿ ಎನ್ನುವವರು ಊರಿನ ಕಾಲೇಜುಗಳು ಅತಿಥಿ ಉಪನ್ಯಾಸಕರ ಬಲದ ಮೇಲೆ ನಿಂತಿರುವುದನ್ನೂ ನೋಡಬೇಕು. 2023ರಲ್ಲಿ ಚಾಮರಾಜನಗರಕ್ಕೊಂದು ವಿಶ್ವವಿದ್ಯಾಲಯ ಬಂದಿತು. ಎರಡೇ ವರ್ಷಕ್ಕೆ, 2025ರ ಫೆಬ್ರುವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿ ಮುಚ್ಚಲು ಯೋಚಿಸಿದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಅದರ ಹೆಸರೂ ಇತ್ತು. ಹಣವಿಲ್ಲದೆ ತೆರೆಯುವುದು ಒಂದು ತಪ್ಪು, ತೆರೆದದ್ದನ್ನು ಉಸಿರಾಡಲು ಬಿಡದಿರುವುದು ಇನ್ನೊಂದು. ದೂರದ ಊರಿನಲ್ಲಿ ನೆಲೆಯಿಲ್ಲ, ಹತ್ತಿರದ ಊರಿನಲ್ಲಿ ಅಧ್ಯಾಪಕರಿಲ್ಲ ಎಂದಾದರೆ ‘ಆಯ್ಕೆ’ ಎಂಬ ಪದಕ್ಕೇ ಅರ್ಥವಿಲ್ಲ.

ಸೀಟು ಬಿಟ್ಟುಕೊಟ್ಟ ಹುಡುಗಿಯನ್ನು ಮೊನ್ನೆ ಬಸ್ ನಿಲ್ದಾಣದಲ್ಲಿ ಕಂಡೆ. ಚೆನ್ನಾಗಿ ಓದುತ್ತಿದ್ದಾಳೆ; ಎಂ.ಎಸ್ಸಿ.ಗೆ ಬೆಂಗಳೂರಿಗೇ ಹೋಗುವೆನೆಂದಳು. ‘ಈ ಸಲ ಮೊದಲು ಹಾಸ್ಟೆಲ್ ಕೇಳ್ತೀನಿ ಸಾರ್, ಆಮೇಲೆ ಸೀಟು’ ಎಂದು ನಕ್ಕಳು. ಹದಿನೆಂಟರ ಹರೆಯದ ಹುಡುಗಿ ಒಂದು ವರ್ಷದಲ್ಲಿ ಕಲಿತ ಈ ಪಾಠವನ್ನು ಸರ್ಕಾರವೂ ಕಲಿಯಬೇಕು, ಮುಂದಿನ ಮೇ ತಿಂಗಳು ಬರುವುದರೊಳಗೆ.