ಸಾಯದ ಊರಿನ ಭಯ

ಭಟ್ಕಳ, ಹೊನ್ನಾವರ, ಕುಮಟಾ, ಎಲ್ಲಿ ಕೇಳಿದರೂ ದೆವ್ವದ ಚಿತ್ರಕಥೆಯ ಬಗ್ಗೆ ಓದುಗರ ಅಭಿಪ್ರಾಯ ಎರಡೇ. ಹಿರಿಯರಿಗೆ ಅದು ಮಕ್ಕಳನ್ನು ಕೆಡಿಸುವ ಸರಕು. ಸಾಹಿತ್ಯಾಭಿಮಾನಿಗಳಿಗೆ ಓದಿ ಎಸೆಯುವ ಕಾಗದ. ಸಾವೇ ಇಲ್ಲದ ಊರೊಂದರ ಕಥೆಯೆಂದರಂತೂ ಇಬ್ಬರೂ ನಗುತ್ತಾರೆ: ಅಂಥ ಊರು ಎಲ್ಲಿದೆ ಸ್ವಾಮಿ?

ಇದೆ. 1964ರಿಂದ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸನ್ನು ಕನ್ನಡದಲ್ಲಿ ಓದಿದವರು ನೆನಪಿಸಿಕೊಳ್ಳಲಿ. ಫ್ಯಾಂಟಮ್‌ನಿಗೆ ಸಾವಿಲ್ಲವೆಂದು ಕಾಡಿನ ಜನ ನಂಬುತ್ತಾರೆ. ಗುಟ್ಟು ಓದುಗನಿಗೆ ಗೊತ್ತು: ಅಪ್ಪ ಸತ್ತರೆ ಮಗ ಅದೇ ಮುಖವಾಡ ತೊಡುತ್ತಾನೆ. ಊರುಗಳೂ ಹೀಗೆಯೇ ಅಮರವಾಗುತ್ತವೆ. ಅಜ್ಜನ ಗುಮಾನಿಯನ್ನು ಮೊಮ್ಮಗ ತೊಟ್ಟುಕೊಳ್ಳುತ್ತಾನೆ.

ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ಇದನ್ನು ಬಲ್ಲವರಾಗಿದ್ದರು. 1981ರಲ್ಲಿ ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದ ಅವರ 'ಮೂರು ದಾರಿಗಳು' ಕಾದಂಬರಿಯಲ್ಲಿ ಒಬ್ಬ ಹುಡುಗಿಯ ಬದುಕನ್ನು ನುಂಗುವುದು ದೆವ್ವವಲ್ಲ, ಊರಿನ ಗುಸುಗುಸು. ಚಿತ್ತಾಲರು 2014ರಲ್ಲಿ ತೀರಿಕೊಂಡರು. ಗುಸುಗುಸು ಇನ್ನೂ ಬದುಕಿದೆ. ಅದೇ ಭಯವನ್ನು ಕಾದಂಬರಿಯಲ್ಲಿ ಮೆಚ್ಚಿ ಚಿತ್ರಕಥೆಯಲ್ಲಿ ಹಳಿಯುವುದು ಯಾವ ನ್ಯಾಯ?

ಭಟ್ಕಳವೆಂದೊಡನೆ 1993ರ ಗಲಭೆಯನ್ನೇ ಎತ್ತುವವರಿದ್ದಾರೆ. ಆಗ ಹುಟ್ಟಿರದ ಹುಡುಗ ಪರಊರಲ್ಲಿ ಬಾಡಿಗೆ ಮನೆ ಕೇಳಿದರೆ ಅದಕ್ಕೂ ಉತ್ತರ ಕೊಡಬೇಕು. ನಾವೇನು ಕಡಿಮೆಯೇ? ಪಕ್ಕದ ಕೇರಿಯ ಮೇಲಿನ ಹಳೇ ದೂರನ್ನು ಮಕ್ಕಳಿಗೆ ಅನ್ನದ ಜೊತೆ ಉಣಿಸುತ್ತೇವೆ.

ಮಕ್ಕಳ ಕೈಯ ಪುಸ್ತಕ ಕಸಿಯುವ ಮೊದಲು ಒಮ್ಮೆ ಓದಿ ನೋಡಿ. ಅದರಲ್ಲಿ ಹೆದರಿಸುವ ಮುಖ ಯಾರದು? ನಮ್ಮದೇ ಆಗಿದ್ದರೆ ಬಚ್ಚಿಡಬೇಕಾದದ್ದು ಪುಸ್ತಕವನ್ನಲ್ಲ.