ಕೋತಿಯ ಬಾಯಿಗೆ ಮೊಸರು

2025ರ ಫೆಬ್ರವರಿ 9, ಭಾನುವಾರ. ಬೆಳಿಗ್ಗೆ ಹನ್ನೊಂದು ದಾಟಿದ ಹೊತ್ತಿಗೆ ಇಡೀ ಶ್ರೀಲಂಕೆಯ ವಿದ್ಯುತ್ ನಿಂತುಹೋಯಿತು. ಕೊಲಂಬೊದ ದಕ್ಷಿಣಕ್ಕಿರುವ ಪಾನದುರ ಉಪಕೇಂದ್ರದಲ್ಲಿ ಕೋತಿಯೊಂದು ಟ್ರಾನ್ಸ್‌ಫಾರ್ಮರ್ ಮುಟ್ಟಿದ್ದೇ ಕಾರಣವೆಂದು ಇಂಧನ ಸಚಿವರು ಹೇಳಿದರು. ಲಂಕೆಗೂ ಕೋತಿಗೂ ಹಳೆಯ ನಂಟೆಂದು ನಮ್ಮ ಮನೆಯಲ್ಲೂ ನಕ್ಕರು. ನನಗೆ ನಗು ಬರಲಿಲ್ಲ.

ನಾನು ವಿದ್ಯುತ್ ಉಪಕೇಂದ್ರಗಳಲ್ಲೇ ತಲೆ ಹಣ್ಣು ಮಾಡಿಕೊಂಡವನು. ಒಮ್ಮೆ ಕೇರೆಹಾವೊಂದು ಪ್ಯಾನೆಲ್ಲಿನೊಳಗೆ ನುಗ್ಗಿ ತಾಲ್ಲೂಕನ್ನೇ ರಾತ್ರಿಯಿಡೀ ಕತ್ತಲಲ್ಲಿಟ್ಟಿತು. ಲಾಗ್ ಪುಸ್ತಕದಲ್ಲಿ 'ಕಾರಣ: ಹಾವು' ಎಂದು ಬರೆದವನು ನಾನೇ. ಕೇಬಲ್ ಕಾಲುವೆಯ ಬಾಯಿ ಮುಚ್ಚಿಲ್ಲವೆಂಬುದು ನನಗೆ ಆರು ತಿಂಗಳಿಂದ ಗೊತ್ತಿತ್ತು. ಅದನ್ನು ಬರೆಯಲಿಲ್ಲ. ಹಾವು ಮೇಲ್ಮನವಿ ಸಲ್ಲಿಸುವುದಿಲ್ಲವಲ್ಲ!

ಆ ಭಾನುವಾರ ಲಂಕೆಯಲ್ಲಿ ಆದದ್ದಿಷ್ಟು. ರಜೆಯಾದ್ದರಿಂದ ಬೇಡಿಕೆ ಕಡಿಮೆ. ಬಿಸಿಲು ಚೆನ್ನಾಗಿತ್ತು, ಸೌರ ವಿದ್ಯುತ್ತೇ ದೊಡ್ಡ ಪಾಲನ್ನು ಹೊತ್ತಿತ್ತು. ಹಾಗಾಗಿ ತಿರುಗುತ್ತಿದ್ದ ಭಾರೀ ಯಂತ್ರಗಳು ಕೆಲವೇ. ಬೀಸುವ ಕಲ್ಲು ಕೈಬಿಟ್ಟ ಮೇಲೂ ಒಂದೆರಡು ಸುತ್ತು ತಿರುಗುತ್ತದೆ. ಭಾರೀ ಜನರೇಟರಿಗೂ ಆ ಗುಣವಿದೆ. ಪೆಟ್ಟು ಬಿದ್ದಾಗ ಜಾಲವನ್ನು ಕೆಲವು ಕ್ಷಣ ಹಿಡಿದು ನಿಲ್ಲಿಸುತ್ತದೆ. ಸೌರ ಫಲಕದಲ್ಲಿ ತಿರುಗುವ ಕಲ್ಲೇ ಇಲ್ಲ. ಪಾನದುರದ ಪೆಟ್ಟಿಗೆ ಜಾಲದ ಆವರ್ತನ ಕುಸಿಯಿತು. ನೊರೊಚ್ಚೋಲೈ ಕಲ್ಲಿದ್ದಲು ಸ್ಥಾವರದ ತಲಾ 300 ಮೆಗಾವ್ಯಾಟಿನ ಮೂರೂ ಘಟಕಗಳು ನಿಂತವು. ಮುಂದಿನ ದಿನಗಳಲ್ಲೂ ಕಡಿತ ತಪ್ಪಲಿಲ್ಲ.

ನಮಗಾದರೆ ನೆರೆಯವರಿದ್ದಾರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ದಕ್ಷಿಣದ ಜಾಲವನ್ನು ಉಳಿದ ದೇಶಕ್ಕೆ ಬೆಸೆಯಿತು. ಪಾವಗಡದ ಮೇಲೆ ಮೋಡ ಕವಿದರೆ ಎಲ್ಲೋ ದೂರದ ಯಂತ್ರ ಹೆಗಲು ಕೊಡುತ್ತದೆ. ಲಂಕೆಯ ಸುತ್ತ ಇರುವುದು ಸಮುದ್ರ. ದ್ವೀಪ ತನ್ನ ಆಸರೆಯನ್ನು ತಾನೇ ಕಟ್ಟಿಕೊಳ್ಳಬೇಕು.

ಕೋತಿಯ ನಂತರ ಅಪವಾದ ಸೂರ್ಯನ ಮೇಲೆ ಬಂತು. ಇದನ್ನು ನಾನು ಒಪ್ಪುವುದಿಲ್ಲ. 2022ರಲ್ಲಿ ಇಂಧನ ಕೊಳ್ಳಲು ಡಾಲರಿಲ್ಲದೆ ಆ ಜನ ದಿನಕ್ಕೆ ಹದಿಮೂರು ಗಂಟೆಯ ಕಡಿತ ಉಂಡಿದ್ದಾರೆ. ಬಿಸಿಲಿಗೂ ಮನ್ನಾರಿನ ಗಾಳಿಗೂ ಡಾಲರು ಬೇಡ. 2016ರಲ್ಲಿ ಸರ್ಕಾರವೇ ಚಾವಣಿಗೆ ಫಲಕ ಹಾಕಿಸಿರೆಂದು ಜನರನ್ನು ಹುರಿದುಂಬಿಸಿತು, ಮುಂದೆ 2030ಕ್ಕೆ ಶೇ. 70ರಷ್ಟು ನವೀಕರಿಸಬಹುದಾದ ಇಂಧನವೆಂದು ಗುರಿಯನ್ನೂ ಇಟ್ಟಿತು. 2025ರ ಏಪ್ರಿಲ್‌ನ ಹೊಸವರ್ಷದ ರಜೆಯಲ್ಲಿ ಅದೇ ಫಲಕಗಳನ್ನು ಹಗಲು ಆರಿಸಿಡಿ ಎಂದು ವಿದ್ಯುತ್ ಮಂಡಳಿ ಕೇಳಿಕೊಂಡಿತು. ಕರೆದು ಊಟಕ್ಕೆ ಕೂರಿಸಿ ಎಲೆ ಎಳೆದಂತೆ!

ಬೆಳೆಗೆ ಮುಂಚೆ ಕಣಜ ಕಟ್ಟಬೇಕಿತ್ತು. ದೊಡ್ಡ ಬ್ಯಾಟರಿ ಆವರ್ತನ ಕುಸಿದರೆ ಕ್ಷಣದೊಳಗೆ ಎತ್ತಿ ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲನ್ನು ಸಂಜೆಯ ದೀಪಕ್ಕೆ ಉಳಿಸಿಕೊಡುತ್ತದೆ. ಗುಡ್ಡದ ಮೇಲಿನ ಜಲಾಶಯಕ್ಕೆ ಹಗಲು ನೀರೆತ್ತಿ ರಾತ್ರಿ ಇಳಿಸುವುದೂ ಹಳೆಯ ವಿದ್ಯೆಯೇ. ದುಡ್ಡೆಲ್ಲಿ ಎನ್ನುತ್ತಾರೆ. ಕತ್ತಲಿಗೆ ತೆತ್ತ ದುಡ್ಡನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ. ಹವಾಯಿಯ ಕೌಆಯಿ ಎಂಬ ಪುಟ್ಟ ದ್ವೀಪ ಬ್ಯಾಟರಿಗಳ ಆಸರೆಯಿಂದ ಹಗಲಿನ ಎಷ್ಟೋ ಗಂಟೆಗಳನ್ನು ನವೀಕರಿಸಬಹುದಾದ ಇಂಧನದಲ್ಲೇ ಕಳೆದು ತೋರಿಸಿದೆ.

ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತೆಂಬ ಗಾದೆ ನಮ್ಮದು. ಇಲ್ಲಿ ಒರೆಸಿಕೊಂಡದ್ದು ಕೋತಿಯೇ. ನನ್ನ ಆ ಹಳೆಯ ಲಾಗ್ ಪುಸ್ತಕ ಮತ್ತೆ ಕೈಗೆ ಸಿಕ್ಕರೆ 'ಹಾವು' ಎಂಬುದನ್ನು ಹೊಡೆದುಹಾಕಿ ನನ್ನ ಹೆಸರು ಬರೆಯುತ್ತೇನೆ. ಲಂಕೆಯ ಪುಸ್ತಕದಲ್ಲೂ ಯಾರಾದರೂ ಹಾಗೆ ತಿದ್ದಬೇಕು.